ಅಂಟವಾಳದ ನೀರು ಮತ್ತು ಸಾಹೇಬರ ಮೂಗು

ಈಗ ನಮ್ಮ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಅದನ್ನು ಕಾಲೇಜಿನಲ್ಲಿ ಓದಿ ಬರುತ್ತಾರೆ. ಅದಕ್ಕೆ ಹೌಸ್‌ಕೀಪಿಂಗ್ ಎಂಬ ಹೆಸರಿದೆ, ಕೊರಳಲ್ಲಿ ತೂಗುವ ಗುರುತಿನ ಚೀಟಿ ಇದೆ, ಇಸ್ತ್ರಿ ಮಾಡಿದ ಅಂಗಿ ಇದೆ. ನಾನು ಸೇರಿದಾಗ ಅದಕ್ಕೆ ಕಸ ಹೊಡೆಯುವುದು ಎಂದಷ್ಟೇ ಹೆಸರಿತ್ತು. ಹೋದ ತಿಂಗಳು ಸೇಡಂನ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಒಂದು ದೊಡ್ಡ ಹೋಟೆಲಿನಲ್ಲಿ ಇದೇ ಕೆಲಸ ಸಿಕ್ಕಿತು. ಪೇಡೆ ಕೊಡಲು ಬಂದವಳು, "ಖಾಜಾ ಚಾಚಾ, ನಿಮ್ಮ ಅನುಭವ ಒಂದೆರಡು ಮಾತು ಹೇಳ್ರಿ" ಎಂದಳು. ಒಂದೆರಡು ಮಾತಿನಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ. ಬರೆದು ಕೊಡುತ್ತೇನೆ ಎಂದು ಹೇಳಿ ಕಳಿಸಿದೆ.

ಊರವರ ಕೋಣೆಗಳನ್ನೆಲ್ಲ ತೊಳೆದು ಬಂದ ಈ ಮನುಷ್ಯ ಮನೆಯಲ್ಲಿ ಕುಡಿದ ಚಹಾದ ಕಪ್ಪನ್ನೂ ಎತ್ತಿಡುವುದಿಲ್ಲ ಎಂದು ನನ್ನ ಹೆಂಡತಿ ಜೈನಬ್ ಬಂದವರಿಗೆಲ್ಲ ಹೇಳುತ್ತಾಳೆ. ಅದು ಸುಳ್ಳಲ್ಲ. ಓದುವವರು ಅದನ್ನು ಮೊದಲೇ ತಿಳಿದುಕೊಂಡಿರಲಿ.

ಮೊದಲ ಪಾಠ ನನಗೆ ಆದದ್ದು ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದ ಒಂದು ಲಾಡ್ಜಿನಲ್ಲಿ. ಕೊನೆಯ ಬಸ್ಸು ತಪ್ಪಿಸಿಕೊಂಡವರೇ ನಮ್ಮ ಗಿರಾಕಿಗಳು. ಅಲ್ಲಿ ಬಾಬುಮಿಯಾ ಎಂಬ ಹಿರಿಯ ರೂಮ್‌ಬಾಯ್ ಇದ್ದರು. ತಲೆಯೆಲ್ಲ ಬೆಳ್ಳಗಾಗಿದ್ದರೂ ಅವರು ಬಾಯ್ ಆಗಿಯೇ ಉಳಿದಿದ್ದರು. ನಾನು ಹುರುಪಿನಿಂದ ನೆಲ ಒರೆಸಿ, ಆಮೇಲೆ ಫ್ಯಾನಿನ ಧೂಳು ಕೊಡವಲು ಸ್ಟೂಲು ಹತ್ತಿದೆ. ಅವರು ಬಾಗಿಲಲ್ಲಿ ನಿಂತು ನೋಡಿದರು.

"ಧೂಳು ಮ್ಯಾಲಿಂದ ಕೆಳಗ ಬರ್ತದ. ನೀ ಕೆಳಗಿಂದ ಮ್ಯಾಲ ಹೊಂಟೀದಿ. ಧೂಳಿನ ಕೂಡ ಕುಸ್ತಿ ಹಿಡಿಲಿಕತ್ತೀ ಏನು?" ಎಂದರು.

ಕಾಲೇಜಿನಲ್ಲಿ ಇದಕ್ಕೆ ಒಂದು ಇಡೀ ಅಧ್ಯಾಯವಿದೆಯಂತೆ. ನನಗೆ ಅಷ್ಟರಲ್ಲೇ ಮುಗಿಯಿತು.

ಅಲ್ಲಿಂದ ಚಿತ್ತಾಪುರದ ಒಂದು ಖಾಸಗಿ ಹಾಸ್ಟೆಲಿಗೆ ಬಂದೆ. ಅಲ್ಲಿನ ವಾರ್ಡನ್ನರು ಬಹಳ ಶಿಸ್ತಿನ ಮನುಷ್ಯ. ಯಾರೋ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂದರೆ ಸಾಕು, ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ಜೇಡರ ಬಲೆ ತೆಗೆಯಲು ನನಗೆ ಒಂದು ದಿನ ಕೊಡಿ ಎಂದರೆ, ಅಷ್ಟು ಹೊತ್ತು ಎಲ್ಲಿದೆ ಎನ್ನುತ್ತಿದ್ದರು. ಹೀಗಾಗಿ ಬಲೆಯ ಮೇಲೆಯೇ ಸುಣ್ಣ ಬೀಳುತ್ತಿತ್ತು. ಪ್ರತಿ ವರ್ಷ ಬಲೆ ಒಂದಿಷ್ಟು ದಪ್ಪಗಾಗುತ್ತಿತ್ತು. ಬಂದವರೊಬ್ಬರು ಮೂಲೆಯನ್ನು ನೋಡಿ, ಈ ಕೆತ್ತನೆ ಯಾರು ಮಾಡಿದ್ದು ಎಂದು ಕೇಳಿದರು. ವಾರ್ಡನ್ನರು ನಕ್ಕು ಅವರನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋದರು. ಮೇಲಿನವರು ಸ್ವಚ್ಛತೆಯನ್ನು ಹೇಗೆ ನೋಡುತ್ತಾರೆ ಎಂಬುದರ ಬಗ್ಗೆ ನನ್ನ ತಿಳಿವಳಿಕೆ ಆಗಲೇ ಶುರುವಾದದ್ದು.

ನನ್ನ ಹೆಚ್ಚಿನ ನೌಕರಿ ಕಳೆದದ್ದು ವಾಡಿಯ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಅತಿಥಿಗೃಹದಲ್ಲಿ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ನಾನು ಅಲ್ಲಿ ಮೇಲ್ವಿಚಾರಕ. ಅಂದರೆ ಕಸಬರಿಗೆ ಕೈಯಲ್ಲಿ ಹಿಡಿಯುವುದರ ಜೊತೆಗೆ, ಬೇರೆಯವರು ಹಿಡಿದಿದ್ದಾರೋ ಇಲ್ಲವೋ ನೋಡುವುದೂ ನನ್ನ ಕೆಲಸ. ಹೊರಗಿನಿಂದ ಬರುವ ಎಂಜಿನಿಯರುಗಳು, ಲೆಕ್ಕ ತಪಾಸಣೆಯವರು, ಯಂತ್ರ ರಿಪೇರಿಯವರು ಅಲ್ಲಿ ಇಳಿಯುತ್ತಿದ್ದರು.

ಆ ಕಡೆಯ ಧೂಳಿನ ಬಗ್ಗೆ ಹೊಸಬರು ಒಂದು ಮಾತು ತಿಳಿಯಬೇಕು. ಬೇರೆ ಊರಿನ ಧೂಳು ನೀರು ಕಂಡರೆ ಓಡುತ್ತದೆ. ನಮ್ಮ ಧೂಳು ನೀರು ಕಂಡರೆ ಅಲ್ಲೇ ಮನೆ ಕಟ್ಟುತ್ತದೆ. ಹೊರಗಿನಿಂದ ಬಂದ ಒಬ್ಬ ಮ್ಯಾನೇಜರು ಕಿಟಕಿಯ ಸಂದುಗಳಿಗೆಲ್ಲ ಪೈಪಿನಿಂದ ನೀರು ಹೊಡೆಸಿದರು. ಮರುದಿನ ಕಿಟಕಿ ತೆಗೆಯಲು ಬರಲಿಲ್ಲ. ಉಳಿ, ಸುತ್ತಿಗೆ ತಂದು ಕಿಟಕಿಯ ಸಂದು ಕೆತ್ತಿದ ಅತಿಥಿಗೃಹ ಬಹುಶಃ ನಮ್ಮದೊಂದೇ. ಅದಕ್ಕೇ ಹೇಳುವುದು, ಮೊದಲು ಒಣ ಬಟ್ಟೆ, ಆಮೇಲೆ ಒದ್ದೆ ಬಟ್ಟೆ.

ಆ ಮ್ಯಾನೇಜರು ವರ್ಗವಾಗಿ ಹೋದ ಮೇಲೆ ಬಂದವರು ಪಾಟೀಲ ಸಾಹೇಬರು. ಕೆಟ್ಟವರಲ್ಲ. ಮಗಳ ಮದುವೆಗೆ ನಮ್ಮನ್ನೆಲ್ಲ ಕರೆದು ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿದವರು. ಆದರೆ ಸ್ವಚ್ಛತೆಯನ್ನು ಅವರು ಮೂಗಿನಿಂದ ನೋಡುತ್ತಿದ್ದರು. ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆಯುವರು. ಫಿನಾಯಿಲ್ ವಾಸನೆ ಬಂದರೆ "ಛಲೋ" ಎಂದು ಒಳಗೆ ಬರುವರು. ಬರದಿದ್ದರೆ ಅಲ್ಲಿಂದಲೇ ನನ್ನ ಹೆಸರು ಹಿಡಿದು ಕೂಗುವರು. ಒಳಗೆ ಮಂಚದ ಕೆಳಗೆ ಏನಿದೆ ಎಂದು ಅವರು ಬಗ್ಗಿ ನೋಡಿದ್ದನ್ನು ನಾನು ಕಂಡಿಲ್ಲ.

ಈಗ ಶರಣಮ್ಮನ ವಿಷಯಕ್ಕೆ ಬರುತ್ತೇನೆ.

ಶರಣಮ್ಮ ನಮ್ಮಲ್ಲಿ ಸ್ನಾನದ ಮನೆ, ಸಂಡಾಸುಗಳನ್ನು ತೊಳೆಯುತ್ತಿದ್ದ ಹೆಣ್ಣುಮಗಳು. ನನ್ನನ್ನು ಅಣ್ಣಾ ಎಂದು ಕರೆಯುವಳು. ಮೊದಲು ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಂಡನೂ ಅಲ್ಲೇ ದುಡಿದು, ಧೂಳು ಕುಡಿದು, ಎದೆ ಹಾಳಾಗಿ ತೀರಿಕೊಂಡಿದ್ದ. ಅದಾದ ಮೇಲೆ ಖಣಿ ಬಿಟ್ಟು, ಅತಿಥಿಗೃಹಕ್ಕೆ ಆಳು, ಸಾಮಾನು ಒದಗಿಸುವ ಕಾಂಟ್ರ್ಯಾಕ್ಟರನ ಕಡೆಯಿಂದ ನಮ್ಮಲ್ಲಿಗೆ ಬಂದಳು. ಚಿಕ್ಕ ಮಗಳು ಪಿಯುಸಿ ಓದುತ್ತಿದ್ದಳು. ಈ ಕೆಲಸ ನೆರಳಿನ ಕೆಲಸ ಎಂದು ಶರಣಮ್ಮನಿಗೆ ಅದರ ಮೇಲೆ ಬಹಳ ಪ್ರೀತಿ. ಸಂಡಾಸು ತೊಳೆಯುವ ಕೆಲಸವನ್ನು ಪ್ರೀತಿ ಮಾಡುವವರನ್ನು ಕಂಡರೆ ಬೇರೆಯವರು ನಗುತ್ತಾರೆ. ಅವರು ಖಣಿ ನೋಡಿಲ್ಲ.

ಒಂದು ದಿನ ಬೆಳಗಿನ ಪಾಳಿಯವರು ಸಂಡಾಸಿಗೆ ಬ್ಲೀಚಿಂಗ್ ಪುಡಿ ಉದುರಿಸಿ ಹಾಗೇ ಬಿಟ್ಟು ಹೋಗಿದ್ದರು. ಶರಣಮ್ಮ ಅದನ್ನು ನೋಡದೆ ಅದರ ಮೇಲೆ ಆ್ಯಸಿಡ್ ಸುರಿದಳು. ಹಳದಿ ಹೊಗೆ ಎದ್ದಿತು. ನಾವು ಓಡಿ ಹೋಗಿ ಎಳೆದು ತರುವಷ್ಟರಲ್ಲಿ ಆಕೆ ಬಾಗಿಲ ಹತ್ತಿರ ಕುಸಿದಿದ್ದಳು. ಇವೆರಡನ್ನೂ ಯಾವತ್ತೂ ಕೂಡಿಸಬೇಡಿ. ಈ ಬರಹದಲ್ಲಿ ಬೇರೆ ಏನೂ ನೆನಪಿಡದಿದ್ದರೂ ಇದೊಂದು ನೆನಪಿಟ್ಟುಕೊಳ್ಳಿ.

ಶಹಾಬಾದಿನ ಡಾಕ್ಟರು ಆಕೆಯ ಎದೆ ನೋಡಿ ಹೊರಗೆ ಬಂದು ನನಗೆ ಹೇಳಿದರು. "ಈಕಿ ಎದಿ ಮೊದಲೇ ಖಣಿ ಧೂಳಿನಾಗ ಹಾಳಾಗ್ಯದ. ಇನ್ನೊಮ್ಮೆ ಆ್ಯಸಿಡ್ ಹೊಗಿ ಒಳಗ ಹೋತಂದ್ರ ಜೀವಕ್ಕ ನಾ ಜವಾಬ್ದಾರಿ ಅಲ್ಲ. ಫಿನಾಯಿಲ್ ವಾಸನಿ ಸುದ್ಧಾ ಬ್ಯಾಡ."

ಈ ಮಾತು ಕಾಂಟ್ರ್ಯಾಕ್ಟರನ ಕಿವಿಗೆ ಬಿದ್ದರೆ ಆಕೆಯ ಕೆಲಸ ಹೋದಂತೆಯೇ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಶರಣಮ್ಮ ಸೆರಗು ಬಾಯಿಗೆ ಒತ್ತಿ ಕೆಮ್ಮುತ್ತಿದ್ದಳು.

"ಅಣ್ಣಾ, ಈ ಕೆಲ್ಸ ಹೋದ್ರ ನಂಗ ಮತ್ತ ಖಣೀನ ಗತಿ. ಖಣಿಗಿ ಹೋದ್ರ ನಮ್ಮನಿಯವರ ಹಿಂದ ಹೋಗೋದ. ಪೋರಿ ಓದು ಅರ್ಧಕ್ಕ ನಿಂದರ್ತದ. ಏನರ ಮಾಡ್ರಿ."

ಏನು ಮಾಡುವುದು ಎಂದು ನನಗೂ ತಿಳಿಯಲಿಲ್ಲ. ಮನೆಗೆ ಬಂದು ಜೈನಬ್‌ಳ ಮುಂದೆ ಹೇಳಿದೆ. ಆಕೆ ಒಲೆಯ ಮುಂದಿನಿಂದ ಏಳದೆಯೇ, "ನಮ್ಮ ಅಮ್ಮೀಜಾನ್ ಇದ್ದಾಗ ಮನಿಯಾಗ ಆ್ಯಸಿಡ್ ಇತ್ತೇನು? ಮನಿ ಹೊಲಸಿತ್ತೇನು?" ಎಂದಳು. ಅಷ್ಟು ಹೇಳಿ ರೊಟ್ಟಿ ತಿರುವಿದಳು. ನಾನು ಹೊಸ ಅಂಗಡಿ ತೆರೆದವನ ಹಾಗೆ ಮರುದಿನವೇ ಕೆಲಸಕ್ಕೆ ಇಳಿದೆ.

ಚಂದಾಪುರದ ಸಂತೆಯಿಂದ ಅಂಟವಾಳಕಾಯಿ ತರಿಸಿದೆ. ಜೈನಬ್ ಅದನ್ನು ರೀಠಾ ಎನ್ನುತ್ತಾಳೆ. ರಾತ್ರಿ ನೆನೆಹಾಕಿ, ಬೀಜ ತೆಗೆದು, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರೆ ಕಂದು ಬಣ್ಣದ ನೀರು ಬರುತ್ತದೆ. ನೆಲ, ಗೋಡೆ, ಟೈಲ್ಸು, ಪರದೆ, ಎಲ್ಲಕ್ಕೂ ಅದೇ. ನಮ್ಮ ನೀರು ಗಡಸು ನೀರು. ನಲ್ಲಿಯ ಬಾಯಿಗೆ, ಸಂಡಾಸಿನ ಬೇಸಿನ್ನಿಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಅಲ್ಲಿ ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಸಿದ ಬಟ್ಟೆ ಸುತ್ತಿಟ್ಟು, ಚಹಾ ಕುಡಿದು ಬಂದು, ಆಮೇಲೆ ತೆಂಗಿನ ನಾರಿನಿಂದ ತಿಕ್ಕಬೇಕು. ಜಿಡ್ಡಿಗೆ ಅಡುಗೆ ಸೋಡಾ. ಹಿತ್ತಾಳೆಗೆ ಹುಣಸೆಹಣ್ಣು. ಕನ್ನಡಿಗೆ ಹಳೆಯ ಪೇಪರು, ಎರಡು ಹನಿ ಸಿರ್ಕಾ. ಬಚ್ಚಲ ಮೋರಿಗೆ ಬೇವಿನ ಎಲೆ ಕುದಿಸಿದ ನೀರು.

ಈಗ ಮೊಬೈಲಿನಲ್ಲಿ ಸೋಡಾ ಮೇಲೆ ಸಿರ್ಕಾ ಸುರಿದು ಭುಸ್ಸೆಂದು ನೊರೆ ಎಬ್ಬಿಸಿ ತೋರಿಸುತ್ತಾರೆ. ನೋಡಲು ಚೆಂದ. ಒಂದು ಇನ್ನೊಂದನ್ನು ಕೊಂದು, ಕೊನೆಗೆ ಉಳಿಯುವುದು ಒಂಥರಾ ಉಪ್ಪುನೀರು. ನಾವೂ ಮೊದಲು ಹಾಗೇ ಮಾಡಿ, ನೊರೆ ನೋಡಿ ಸಂತೋಷಪಟ್ಟು, ಆಮೇಲೆ ಕೊಳೆ ಅಲ್ಲೇ ಇರುವುದನ್ನು ಕಂಡೆವು. ಸೋಡಾದ ಕೆಲಸ ಸೋಡಾಕ್ಕೆ, ಸಿರ್ಕಾದ ಕೆಲಸ ಸಿರ್ಕಾಕ್ಕೆ ಬಿಡಬೇಕು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬೇಡಿ. ಬೇಸಿಗೆಯಲ್ಲಿ ಪದೇಪದೇ ಕುದಿಸುವುದು ಯಾಕೆಂದು ಒಮ್ಮೆಗೇ ದೊಡ್ಡ ಹಂಡೆಯಲ್ಲಿ ಅಂಟವಾಳದ ನೀರು ಮಾಡಿಟ್ಟೆವು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ. ಹುಳಿತು ಬುರುಗೆದ್ದು, ಅದರ ವಾಸನೆ ಊಟದ ಕೋಣೆಯವರೆಗೆ ಬಂದಿತು. ಅಲ್ಲಿ ಕುಳಿತಿದ್ದ ಅತಿಥಿಯೊಬ್ಬರು ಅಡುಗೆಯವನನ್ನು ಕರೆದು, ಸಾರು ಕೆಟ್ಟಿದೆ ಎಂದು ಬೈದರು. ಆತ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಅದಕ್ಕಿಂತ ದೊಡ್ಡ ಫಜೀತಿ ನಿಂಬೆಹಣ್ಣಿನದು. ನಮ್ಮ ಅತಿಥಿಗೃಹದ ನೆಲವೆಲ್ಲ ಫರಸಿ, ಅಂದರೆ ಶಹಾಬಾದಿ ಕಲ್ಲು. ಊಟದ ಕೋಣೆಯ ಫರಸಿಗೆ ಪಾಲಿಶ್ ಮಾಡಿಸಿದ್ದರು, ಮುಖ ಕಾಣುತ್ತಿತ್ತು. ಅದರ ಮೇಲೆ ಎಣ್ಣೆ ಜಿಡ್ಡು ಕಂಡಿತು. ಪಾತ್ರೆಗೆ ನಿಂಬೆ ಒಳ್ಳೆಯದಾದರೆ ನೆಲಕ್ಕೆ ಕೆಟ್ಟದ್ದು ಹೇಗಾದೀತು ಎಂದು ನಿಂಬೆ ಹೋಳಿನಿಂದ ಚೆನ್ನಾಗಿ ತಿಕ್ಕಿದೆ. ನಾನು ಹುಟ್ಟಿದ್ದು ಶಹಾಬಾದಿನಲ್ಲಿ, ಅಂಬೆಗಾಲಿಟ್ಟದ್ದು ಫರಸಿ ಮೇಲೆ, ನಮ್ಮಪ್ಪ ಫರಸಿಗೆ ಪಾಲಿಶ್ ಹೊಡೆದು ನನ್ನನ್ನು ಸಾಕಿದ್ದು. ಫರಸಿ ಸುಣ್ಣದ ಕಲ್ಲು, ಅದಕ್ಕೆ ಹುಳಿ ತಾಗಬಾರದು ಎಂಬುದು ಅಲ್ಲಿನ ಓಣಿಯ ಮಕ್ಕಳಿಗೂ ಗೊತ್ತು. ಉಪ್ಪಿನಕಾಯಿ ರಸ ಚೆಲ್ಲಿದರೆ ಅವ್ವಂದಿರು ಬೆನ್ನಿಗೆ ಗುದ್ದಿ ಕಲಿಸಿದ ಪಾಠ ಅದು. ನೆಲ ಒಣಗಿದಾಗ ಜಿಡ್ಡು ಹೋಗಿತ್ತು, ಪಾಲಿಶ್ಶೂ ಹೋಗಿತ್ತು. ಹೊಳೆಯುವ ನೆಲದ ನಡುವೆ ಬೂದು ಬಣ್ಣದ ದೊಡ್ಡದೊಂದು ಮಚ್ಚೆ.

ಶರಣಮ್ಮ ಬಂದು ನೋಡಿ, "ಅಣ್ಣಾ, ಖಣಿಯಾಗ ಕಲ್ಲು ಒಡೀಲಿಕ್ಕ ಸುತ್ತಗಿ ಬೇಕು. ನೀವು ಲಿಂಬಿಹಣ್ಣಿನಾಗ ಮುಗಿಸಿದ್ರಲ್ರಿ" ಎಂದು ಕೆಮ್ಮುತ್ತಾ ನಕ್ಕಳು. ಅಗಸೆ ಎಣ್ಣೆ ಹಚ್ಚಿ ಹಚ್ಚಿ ತಿಕ್ಕಿದೆವು. ಅರ್ಧ ಹೋಯಿತು, ಉಳಿದರ್ಧದ ಮೇಲೆ ಒಂದು ಹೂಕುಂಡ ಇಟ್ಟೆವು. ಪಾಟೀಲ ಸಾಹೇಬರು ಆ ಹೂಕುಂಡವನ್ನು ಬಹಳ ಮೆಚ್ಚಿಕೊಂಡರು.

ಅಂತೂ ಕೈ ಹದಕ್ಕೆ ಬಂದಿತು. ಶರಣಮ್ಮನ ಕೆಮ್ಮು ಪೂರ್ತಿ ನಿಲ್ಲದಿದ್ದರೂ ಉಸಿರಾಡುವುದು ಸಲೀಸಾಯಿತು. ಕೋಣೆಗಳು ಹಿಂದೆಂದಿಗಿಂತ ಸ್ವಚ್ಛವಾಗಿದ್ದವು. ಅದೇ ಹೊಸ ತೊಂದರೆಯಾಯಿತು. ಸಾಹೇಬರು ಬಾಗಿಲಲ್ಲಿ ನಿಂತು ಉಸಿರೆಳೆದರೆ ಏನೂ ವಾಸನೆ ಬರಲಿಲ್ಲ.

"ಖಾಜಾ! ಇವತ್ತ ನೆಲ ಒರಸಿಲ್ಲೇನು?"

"ಒರಸೀವ್ರಿ. ನೋಡ್ರಿ, ಹ್ಯಾಂಗ ಹೊಳೀಲಿಕತ್ತದ."

"ಹೊಳೀತದ ಖರೇ. ಆದ್ರ ಒರಸಿದಂಗ ಅನಸವಲ್ತು."

ಮರುದಿನದಿಂದ ನಾನು ಒಂದು ಉಪಾಯ ಮಾಡಿದೆ. ಮುಂಬಾಗಿಲ ಮೆಟ್ಟಿಲ ಪಕ್ಕದ ಮೋರಿಯಲ್ಲಿ, ಸಾಹೇಬರು ಬರುವ ಮುಂಚೆ, ಒಂದು ಮುಚ್ಚಳ ಫಿನಾಯಿಲ್ ನಾನೇ ಸುರಿಯುತ್ತಿದ್ದೆ. ಶರಣಮ್ಮನ ಕೆಲಸ ಹಿಂದಿನ ಭಾಗದಲ್ಲಿ, ಅಲ್ಲಿಗೆ ಅದು ತಲುಪುತ್ತಿರಲಿಲ್ಲ. ಸ್ವಚ್ಛತೆ ಒಳಗೆ, ವಾಸನೆ ಹೊರಗೆ, ಸಾಹೇಬರು ನಡುವಿನ ಬಾಗಿಲಲ್ಲಿ. ಅವರು ಕಣ್ಣು ಮುಚ್ಚಿ ಉಸಿರೆಳೆದು "ಭಾಳ ಛಲೋ" ಎಂದು ಒಳಗೆ ಬರುತ್ತಿದ್ದರು. ಸಂಡಾಸುಗಳನ್ನು ಇಷ್ಟು ಚೊಕ್ಕಟವಾಗಿ ಇಟ್ಟವರನ್ನು ನೋಡಿಲ್ಲ ಎಂದು ಒಂದು ದಿನ ಎಲ್ಲರೆದುರು ಹೊಗಳಿದರು.

ಹಾಗೆ ಹೊಗಳಿದ ಮರುದಿನವೇ ಸಾಹೇಬರು ಒಂದು ಬಲ್ಬು ಹುಡುಕುತ್ತಾ ಖುದ್ದಾಗಿ ಸ್ಟೋರಿಗೆ ಹೋದರು. ನಾನು ಮರೆತಿದ್ದ ಒಂದು ಸಂಗತಿ ಅಲ್ಲಿತ್ತು. ಕಾಂಟ್ರ್ಯಾಕ್ಟರ್ ಎಂದಿನಂತೆ ಆ್ಯಸಿಡ್ ಕಳಿಸುತ್ತಲೇ ಇದ್ದ. ನಾವು ಬಳಸದೆ ಇದ್ದುದರಿಂದ ಕ್ಯಾನುಗಳು ಗೋಡೆಗುಂಟ ಸಾಲಾಗಿ ನಿಂತಿದ್ದವು, ಮುಚ್ಚಳದ ಮೇಲೆ ಧೂಳು ಕೂತಿತ್ತು. ಸಾಹೇಬರು ಆ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದು ನನ್ನನ್ನು ಕರೆದರು.

"ಇದೇನು ಖಾಜಾ?"

"ಆ್ಯಸಿಡ್ ರೀ."

"ಅದು ಗೊತ್ತದ. ಖರ್ಚ್ ಯಾಕಾಗಿಲ್ಲ? ಸಂಡಾಸ್ ತೊಳೀಲಿಕತ್ತಿಲ್ಲೇನು?"

"ದಿನಾ ತೊಳೀತೀವ್ರಿ. ಭಾಳ ಚೊಕ್ಕಟ ಇಟ್ಟೀರಿ ಅಂತ ನೀವೇ ನಿನ್ನೆ ಹೇಳಿದ್ರಿ."

"ಅದು ನಿನ್ನೆ. ಆ್ಯಸಿಡ್ ಖರ್ಚಾಗಿಲ್ಲ ಅಂತ ನಂಗ ನಿನ್ನೆ ಗೊತ್ತಿರ್ಲಿಲ್ಲ."

ಸಂಡಾಸಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ನೋಡಿದರು, ಬಗ್ಗಿಯೂ ನೋಡಿದರು, ನಂಬಲಿಲ್ಲ. ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿ, ಅಂಟವಾಳದ ಡಬ್ಬಿ ತೆರೆದು ಮುಂದಿಟ್ಟೆ. ಡಾಕ್ಟರ ಮಾತನ್ನೂ ಹೇಳಿದೆ. ಹೇಳಿದರೆ ಕನಿಕರ ಹುಟ್ಟೀತು ಎಂದು ನನ್ನ ಎಣಿಕೆ.

"ನಮ್ಮ ಆಯಿ ಇದರಾಗ ತಲಿ ತೊಳ್ಕೋತಿದ್ಲು. ಇದು ಗೆಸ್ಟ್ ಹೌಸ್, ಅಜ್ಜಿ ಬಚ್ಚಲಮನಿ ಅಲ್ಲ" ಎಂದರು ಸಾಹೇಬರು. ಸಂಜೆ ಕಾಂಟ್ರ್ಯಾಕ್ಟರನನ್ನು ಕರೆಸಿದರು. ಆತನದು ಇನ್ನೂ ಚುಟುಕು ಮಾತು. "ಆ್ಯಸಿಡ್ ಹಿಡೀಲಾರದಾಕಿ ನಂಗ್ಯಾಕ? ಈ ತಿಂಗಳು ಮುಗೀಲಿ, ಬ್ಯಾರೆದಾಕಿ ಬರ್ತಾಳ."

ಶರಣಮ್ಮ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಳು. ಅಳಲಿಲ್ಲ. ಮರುದಿನವೂ ಬಂದು ಎಂದಿನಂತೆ ಬೇಸಿನ್ನು ತಿಕ್ಕಿದಳು. ಖಣಿಯ ಮೇಸ್ತ್ರಿಯನ್ನು ಆಕೆ ಆಗಲೇ ಕಂಡು ಬಂದಿದ್ದಾಳೆ ಎಂದು ಯಾರೋ ಹೇಳಿದಾಗ ನಾನು ಹಿತ್ತಲಿಗೆ ಹೋಗಿ ಒಬ್ಬನೇ ಕುಳಿತೆ.

ಅಷ್ಟರಲ್ಲಿ ದೊಡ್ಡ ಆಫೀಸಿನಿಂದ ಒಂದು ಸುದ್ದಿ ಬಂದಿತು. ಅತಿಥಿಗೃಹಗಳು ಪರಿಸರಕ್ಕೆ ಕೇಡಾಗದಂತೆ ನಡೆಯುತ್ತಿವೆಯೇ ಎಂದು ನೋಡಲು ಒಬ್ಬ ಹೆಣ್ಣು ಅಧಿಕಾರಿ ಬರುತ್ತಾರೆ, ಕೆಮಿಕಲ್ಲುಗಳ ಬದಲು ಮನೆಯಲ್ಲೇ ಮಾಡಿದ ಸ್ವಚ್ಛತಾ ದ್ರವ ಬಳಸಿದವರಿಗೆ ಶಾಭಾಸ್‌ಗಿರಿ ಉಂಟು. ಪಾಟೀಲ ಸಾಹೇಬರು ಮೊಬೈಲಿನಲ್ಲಿ ಅದನ್ನು ಓದುತ್ತಾ ಓದುತ್ತಾ ನಿಧಾನವಾಗಿ ತಲೆ ಎತ್ತಿ ನನ್ನ ಕಡೆ ನೋಡಿದರು.

"ಖಾಜಾ, ಆ ಅಂಟವಾಳಕಾಯಿ ಎಲ್ಲಿ ಇಟ್ಟೀರಿ?"

ಅಲ್ಲಿಂದ ಅತಿಥಿಗೃಹದ ಚಹರೆಯೇ ಬದಲಾಯಿತು. ನಮ್ಮ ಡಬ್ಬಿಗಳು ಹೋಗಿ ಗಾಜಿನ ಬಾಟಲಿಗಳು ಬಂದವು. ಬಾಟಲಿಗೆ ಹಸಿರು ಎಲೆಯ ಚಿತ್ರ ಅಂಟಿಸಿದರು. ಅಜ್ಜಿಯ ಬಚ್ಚಲಮನೆಯಲ್ಲಿದ್ದದ್ದು ಈಗ ಪರಂಪರೆಯಾಯಿತು. ಸಾಹೇಬರು ಕೋಣೆಯಿಂದ ಕೋಣೆಗೆ ಓಡಾಡುತ್ತಾ ಭಾಷಣ ಬಾಯಿಪಾಠ ಮಾಡಿದರು. ಅದರಲ್ಲಿ "ನನ್ನ ಮಾರ್ಗದರ್ಶನದಾಗ" ಎಂಬ ಮಾತು ಮೇಲಿಂದ ಮೇಲೆ ಬರುತ್ತಿತ್ತು. ನಾನು ಧೈರ್ಯ ಮಾಡಿ ಕೇಳಿದೆ.

"ಹಂಗಾದ್ರ ಶರಣಮ್ಮ ಇರ್ತಾಳಲ್ರಿ ಸಾಹೇಬ್ರ?"

"ಅದು ಬ್ಯಾರೆ ವಿಷ್ಯಾ ಖಾಜಾ. ಕಾಂಟ್ರ್ಯಾಕ್ಟರ್ ಬ್ಯಾರೆದಾಕಿಗಿ ಗೊತ್ತು ಮಾಡ್ಯಾನ. ಈಗ ಅದನ್ನೆಲ್ಲ ಕೆದರಬ್ಯಾಡ್ರಿ."

ಅಧಿಕಾರಿ ಮಧ್ಯಾಹ್ನ ಬರುತ್ತಾರೆಂದು ಹೇಳಿದ್ದರು. ಆದರೆ ಬೆಳಿಗ್ಗೆ ನಾವು ಹಾರ ಬಿಚ್ಚಿಡುತ್ತಿರುವಾಗಲೇ ವಾಡಿ ಸ್ಟೇಷನ್ನಿನಿಂದ ಕಾರು ಹೊರಟಿದೆ ಎಂದು ಫೋನು ಬಂದಿತು. ಸಾಹೇಬರಿಗೆ ಆಗ ಸ್ಟೋರು ನೆನಪಾಯಿತು. ಆ್ಯಸಿಡ್ ಕ್ಯಾನುಗಳು ಇನ್ನೂ ಗೋಡೆಗುಂಟ ನಿಂತಿದ್ದವು. ಇಷ್ಟು ದಿನ ಅದು ಖರ್ಚಾಗದೆ ಇದ್ದದ್ದು ತಪ್ಪಾಗಿತ್ತು, ಈಗ ಅದು ಇರುವುದೇ ತಪ್ಪಾಯಿತು. ಹೊರಗೆ ಸಾಗಿಸಲು ಗಾಡಿಯಿಲ್ಲ, ಇರುವ ಒಂದೇ ಗೇಟಿನಿಂದ ಅಧಿಕಾರಿಯ ಕಾರು ಬರಬೇಕು.

"ಹಿಂದಿನ ಮೋರಿಗಿ ಸುರುವಿಬಿಡ್ರಿ" ಎಂದರು ಸಾಹೇಬರು.

"ನಾ ಒಯ್ತೀನ್ರಿ" ಎಂದೆ.

"ನೀವು ಹಾರ ತಗೊಂಡು ಗೇಟಿಗಿ ನಡೀರಿ. ಶರಣಮ್ಮ ಮಾಡ್ತಾಳ. ಸಂಡಾಸ್ ಮೋರಿ ಆಕಿದೇ ಕೆಲ್ಸ."

ನಾನು ಹಾರ ಹಿಡಿದು ಅಲ್ಲೇ ನಿಂತೆ. ಶರಣಮ್ಮ ಕಸಬರಿಗೆ ಗೋಡೆಗೆ ಒರಗಿಸಿ ನೋಡುತ್ತಿದ್ದಳು. ಸಾಹೇಬರು ದನಿ ಇಳಿಸಿ, ಮಗುವಿಗೆ ಪೆಪ್ಪರ್‌ಮಿಂಟು ತೋರಿಸುವ ಹಾಗೆ ಹೇಳಿದರು.

"ಇದೊಂದು ಮಾಡಿಬಿಡು ಶರಣಮ್ಮ. ಕಾಂಟ್ರ್ಯಾಕ್ಟರ್‌ಗಿ ನಾ ಹೇಳ್ತೀನಿ. ನಿನ್ನ ಕೆಲ್ಸ ಇಲ್ಲೇ ಖಾಯಂ ಇರ್ತದ."

ಆಕೆಗೆ ಬೇಕಾಗಿದ್ದದ್ದು ಅದೊಂದೇ. ಅದು ಆಕೆಯ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಿತ್ತು, ಆ್ಯಸಿಡ್ ಕ್ಯಾನಿನ ಆಚೆ ಬದಿಗೆ. ಶರಣಮ್ಮ ಕ್ಯಾನುಗಳನ್ನು ನೋಡಿದಳು, ಆಮೇಲೆ ಸಾಹೇಬರನ್ನು ನೋಡಿದಳು.

"ನಾ ಮಾಡಂಗಿಲ್ರಿ ಸಾಹೇಬ್ರ" ಎಂದಳು.

"ಏನಂದಿ?"

"ಮಾಡಂಗಿಲ್ಲಂದೆ. ಕೆಲ್ಸ ಉಳದು ನಾ ಹೋದ ಮ್ಯಾಲ ಆ ಕೆಲ್ಸ ಯಾರಿಗಿ ಬೇಕ್ರಿ?"

ಸಾಹೇಬರ ಮುಖ ಕೆಂಪಾಯಿತು. ಹೊತ್ತಿರಲಿಲ್ಲ, ನಮ್ಮಿಬ್ಬರಲ್ಲಿ ಯಾರೂ ಅಲುಗಾಡಲಿಲ್ಲ. "ಒಂದ್ ಕ್ಯಾನ್ ಸುರವಲಿಕ್ಕ ಇಷ್ಟು ನಾಟಕ ಏನು" ಎನ್ನುತ್ತಾ ತಾವೇ ಎರಡೂ ಕೈಗೆ ಒಂದೊಂದು ಕ್ಯಾನು ಹಿಡಿದು ಹಿತ್ತಲಿಗೆ ನಡೆದರು. ಮೋರಿ ಹಿತ್ತಲಿನ ಆ ತುದಿಗಿತ್ತು. ಅಷ್ಟು ದೂರ ಹೊರುವ ಅಭ್ಯಾಸ ಅವರಿಗಿರಲಿಲ್ಲ. ನೀರು ಎಲ್ಲಿ ಸುರಿದರೂ ಹರಿದು ಮೋರಿಗೇ ಹೋಗುತ್ತದಲ್ಲ ಎಂದು ಅಂಗಳದ ನಡುವೆಯೇ ಮುಚ್ಚಳ ತೆಗೆದರು.

"ಸಾಹೇಬ್ರ, ಫರಸಿ ಮ್ಯಾಲ ಬ್ಯಾಡ್ರಿ!" ಎಂದು ನಾನು ಕೂಗಿದೆ. ಅಷ್ಟರಲ್ಲಿ ಎರಡೂ ಕ್ಯಾನು ಬೋರಲಾಗಿದ್ದವು.

ಹಿತ್ತಲಿನ ಫರಸಿ ಕುದಿಯುವ ಹಾಲಿನಂತೆ ಉಕ್ಕಿತು. ಬಿಳಿ ನೊರೆ, ಅದರ ಮೇಲೆ ಹೊಗೆ, ಹೊಗೆಯ ನಡುವೆ ಸಾಹೇಬರು. ಅವರು ಓಡಬೇಕಾಗಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಎಳೆಯುವ ಹಾಗೆ, ಗಾಬರಿಯಲ್ಲಿ ದೀರ್ಘವಾಗಿ ಒಂದು ಉಸಿರು ಎಳೆದುಬಿಟ್ಟರು. ನಾನು ಹಾರ ಎಸೆದು, ಬಾಯಿಗೆ ಟವೆಲು ಕಟ್ಟಿಕೊಂಡು ಓಡಿ ಅವರ ರಟ್ಟೆ ಹಿಡಿದು ಎಳೆದೆ. ಶರಣಮ್ಮ ದೂರದಿಂದ, ಮೂಗಿಗೆ ಸೆರಗು ಒತ್ತಿ, "ಪೈಪ್ ಬಿಡ್ರಿ ಅಣ್ಣಾ, ನೀರ್ ಹೊಡೀರಿ, ಗಾಳಿಗಿ ಬೆನ್ನ ಮಾಡ್ರಿ" ಎಂದು ಕೂಗುತ್ತಿದ್ದಳು. ನೀರು ಬಿಟ್ಟು ಬಿಟ್ಟು ಫರಸಿ ಶಾಂತವಾಯಿತು. ಸಾಹೇಬರು ಶಾಂತರಾಗಲಿಲ್ಲ. ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು, 'ಹೋದೆ' ಎನ್ನುವಂತೆ ಕೈಯಾಡಿಸುತ್ತಾ ಕೆಮ್ಮುತ್ತಿದ್ದರು. ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು.

ಕಾರು ಬಂದು ನಿಂತಿತು. ಅಧಿಕಾರಿ ಒಳಗೆ ಬಂದು ಕೋಣೆ ನೋಡಿದರು, ಸಂಡಾಸು ನೋಡಿದರು, ಬಾಟಲಿ ಮೂಸಿದರು. ಅವರಿಗೆ ಬಹಳ ಸಂತೋಷವಾಯಿತು. "ಇದೆಲ್ಲ ಶುರು ಮಾಡಿದವರು ಯಾರು?" ಎಂದು ಕೇಳಿದರು. ಪಾಟೀಲ ಸಾಹೇಬರು ಮುಖ ಒರೆಸಿಕೊಂಡು ಎದುರು ನಿಂತು ಬಾಯಿ ತೆರೆದರು. ಅಷ್ಟು ದಿನ ಬಾಯಿಪಾಠ ಮಾಡಿದ ಭಾಷಣ ಹೊರಗೆ ಬರಲಿಲ್ಲ, ಬರೀ ಗಾಳಿ ಬಂದಿತು. ಮತ್ತೊಮ್ಮೆ ಯತ್ನಿಸಿದರು. ಕೊನೆಗೆ, ಬೇರೆ ದಾರಿಯಿಲ್ಲದೆ, ಕೈ ಎತ್ತಿ ಶರಣಮ್ಮನ ಕಡೆ ತೋರಿಸಿದರು. ನನ್ನ ಇಡೀ ನೌಕರಿಯಲ್ಲಿ ಒಬ್ಬ ಮೇಲಧಿಕಾರಿ ಸಲ್ಲಬೇಕಾದವರಿಗೆ ಶ್ರೇಯಸ್ಸು ಸಲ್ಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಧಿಕಾರಿ ಶರಣಮ್ಮನನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ಆಕೆ ಅಂಟವಾಳದಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲ ಹೇಳಿದಳು, ತಿಂಗಳ ಕೊನೆಗೆ ಕೆಲಸ ಹೋಗುವುದನ್ನೂ ಹೇಳಿದಳು. ಅಧಿಕಾರಿ ಅಲ್ಲೇ ಕಾಂಟ್ರ್ಯಾಕ್ಟರನಿಗೆ ಫೋನು ಮಾಡಿ, ಈಕೆಯನ್ನು ಇಲ್ಲಿಂದ ತೆಗೆಯಬಾರದು, ಸ್ಟೋರಿನಲ್ಲಿ ಉಳಿದ ಆ್ಯಸಿಡ್ ಕ್ಯಾನುಗಳನ್ನು ವಾಪಸ್ ಒಯ್ಯಬೇಕು, ಇನ್ನು ಮೇಲೆ ಇಲ್ಲಿಗೆ ಆ್ಯಸಿಡ್ ಬರಬಾರದು ಎಂದು ಹೇಳಿದರು. ಆ ಕಡೆಯಿಂದ "ಹೂಂ ರೀ ಮೇಡಂ, ಹೂಂ ರೀ" ಎಂಬ ಮಾತು ನಮಗೂ ಕೇಳಿಸಿತು. ನಾನು ಅಳುವವನಲ್ಲ. ಆದರೂ ಮುಖ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಬಂದೆ.

ಸಂಜೆ ಕಾರು ಹೋದ ಮೇಲೆ ನಾವಿಬ್ಬರೂ ಹಿತ್ತಲಿನಲ್ಲಿ ಮರುದಿನಕ್ಕೆ ಅಂಟವಾಳ ಕುದಿಸುತ್ತಿದ್ದೆವು. ಪಾಟೀಲ ಸಾಹೇಬರು ನಿಧಾನವಾಗಿ ನಡೆದು ಬಂದರು. ದನಿ ಅರ್ಧ ಮರಳಿತ್ತು. ಬೈಯಲು ಬಂದರೆಂದು ನಾನು ಎದ್ದು ನಿಂತೆ. ಅವರು ನನ್ನನ್ನು ನೋಡಲಿಲ್ಲ. ಒಲೆಯಿಂದ ಸ್ವಲ್ಪ ದೂರ ನಿಂತು, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಪಿಸುದನಿಯಲ್ಲಿ ಕೇಳಿದರು.

"ಇಷ್ಟು ವರ್ಷ ದಿನಾ ಇದನ್ನ ಹ್ಯಾಂಗ ತಡಕೊಂಡಿ ತಾಯಿ?"

ಶರಣಮ್ಮ ಸೌಟಿನಿಂದ ನೊರೆ ಕೆಳಗೆ ತಳ್ಳುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ತಡಕೊಂಡಿಲ್ರಿ ಸಾಹೇಬ್ರ. ಅದಕ್ಕ ಕೆಮ್ಮಲಿಕತ್ತೀನಿ."